ನಾಚಿಕೆಯಾಗುವಂಥ ಗಾಡಿ

ನನ್ನ ಗಂಡ ಕುನಿಯಾಸುಗೆ ಬುದ್ಧಿಯಿಲ್ಲ ಎಂದು ನಾನು ಹೇಳುವುದಿಲ್ಲ. ಇದ್ದ ಬುದ್ಧಿಯನ್ನೆಲ್ಲ ಮರ್ಯಾದೆಗೇ ಖರ್ಚು ಮಾಡಿಬಿಟ್ಟಿದ್ದಾರೆ, ಅಷ್ಟೇ. ಇಲ್ಲದಿದ್ದರೆ ದಕ್ಷಿಣದ ಈ ಮಕುರಾಜಾಕಿಯಲ್ಲಿ ಕೂತುಕೊಂಡು, ದೇಶದ ಆ ಉತ್ತರ ತುದಿಯ ಅಕಿತಾದಲ್ಲಿರುವ ಹಳೇ ಕಾರನ್ನು ಮೊಬೈಲಿನಲ್ಲಿ ನಡೆಯುವ ಹರಾಜಿನಲ್ಲಿ ಕೊಳ್ಳುತ್ತಿದ್ದರೇ?

ಇವರ ಅಣ್ಣ, ನನ್ನ ಭಾವ ಯೋಶಿತಾಕರ ಹೃದಯದ ಕಾಯಿಲೆ ಕೈಮೀರಿತ್ತು. ಕೊಲ್ಲಿಯ ಆಚೆ ಒಬ್ಬರೇ ಇದ್ದರು. ಇವರಿಗೆ ಕಾರು ಓಡಿಸಲು ಕಲಿಸಿದವರು ಅವರೇ, ಇಂಥದೇ ದುಂಡು ಕಣ್ಣಿನ ಪುಟ್ಟ ಕಾರಿನಲ್ಲಿ. ಅಣ್ಣ ಕಣ್ಣು ಮುಚ್ಚುವ ಮೊದಲು ಅಂಥದರಲ್ಲೇ ಕೂರಿಸಿಕೊಂಡು ಸಮುದ್ರದ ದಾರಿಯಲ್ಲಿ ಒಂದು ಸುತ್ತು ಹಾಕಿಸಬೇಕು ಎಂಬುದು ಇವರ ಆಸೆ. ಕಾರು ಸಿಗದೆ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಎಷ್ಟೋ ದಿನದಿಂದ ಅತ್ತ ತಲೆಯೇ ಹಾಕಿರಲಿಲ್ಲ.

ಮಾರುವವರು ಬರೆದಿದ್ದರು: ‘ವಯಸ್ಸಿಗೆ ತಕ್ಕ ಹಾಗಿದೆ. ತೋರಿಸಲು ನಾಚಿಕೆಯಾಗುವಂಥ ಗಾಡಿ. ದೊಡ್ಡ ಮನಸ್ಸಿನವರು ತೆಗೆದುಕೊಂಡರೆ ಉಪಕಾರ.’

“ಒಂದ್ಸಲ ಹೋಗಿ ನೋಡ್ಕೊಂಡ್ ಬನ್ರೀ,” ಎಂದೆ.

“ಇಷ್ಟು ತಗ್ಗಿ ಬರ್ದಿರೋ ಮನುಷ್ಯನ ಎದುರಿಗೆ ನಿಂತು, ಬಾನೆಟ್ ಎತ್ತಿ ಅನ್ನೋದಾ? ನೆಂಟ್ರು ಬಂದಾಗ ನೀನು ‘ಊಟಕ್ಕೆ ಏನೂ ಮಾಡಿಲ್ಲ’ ಅಂತ ಹೇಳ್ತಾ ಮೇಜು ತುಂಬ ಬಟ್ಟಲು ಇಡಲ್ವಾ? ಇದೂ ಹಂಗೇ ಕಣೇ.”

ಹಾಗೆ ಹೇಳದ ಹೆಂಗಸು ನಮ್ಮ ಬೀದಿಯಲ್ಲಿ ಯಾರಿದ್ದಾರೆ?

ಲಾರಿಯಿಂದ ಇಳಿದ ಕಾರು ಹೊರಗಿನಿಂದ ಫಳಫಳ ಹೊಳೆಯುತ್ತಿತ್ತು. ಇವರು ಮಗುವಿನ ಹಾಗೆ ನಗುತ್ತ ಒಳಗೆ ಕೂತು ಬ್ರೇಕ್ ಒತ್ತಿದರು. ಕರಕರ ಸದ್ದಾಯಿತು. ಚಪ್ಪಲಿ ಸಮೇತ ಕಾಲು ತಳ ತೂರಿಕೊಂಡು ನೆಲ ಮುಟ್ಟಿತು! ಕಿಸಕ್ಕನೆ ನಕ್ಕುಬಿಟ್ಟೆ. ಆಮೇಲೆ ಇವರ ಮುಖ ನೋಡಿ ನಗು ನುಂಗಿಕೊಂಡೆ.

ಮಾರಿದ ಸಾಸಾಮೋರಿಗೆ ಫೋನ್ ಹಚ್ಚಿದೆ. “ಏನ್ ಸ್ವಾಮಿ, ತಳಾನೇ ಇಲ್ದಿರೋ ಕಾರು ಕಳ್ಸಿದ್ದೀರಲ್ಲ, ನಿಮಗೆ ಮನಸ್ಸಾದ್ರೂ ಹೇಗೆ ಬಂತು?”

ಮುದುಕರು ಮೆಲ್ಲಗೆ ಹೇಳಿದರು. “ನಾಚಿಕೆಯಾಗೋ ಗಾಡಿ ಅಂತ ಬರ್ದಿದ್ನಲ್ಲಮ್ಮಾ. ಹಿಮ ಕರಗ್ಲಿ ಅಂತ ಇಲ್ಲಿ ರಸ್ತೆಗೆಲ್ಲ ಉಪ್ಪು ಹಾಕ್ತಾರೆ, ಅದು ತುಕ್ಕು ಹಿಡಿಸಿ ಕಾರಿನ ತಳ ತಿಂದ್ಬಿಡುತ್ತೆ. ಬಂದು ನೋಡ್ತಾರೆ ಅಂದ್ಕೊಂಡಿದ್ದೆ. ನೋಡ್ದೇನೇ ತಗೊಂಡ್ರಲ್ಲ, ಎಲ್ಲಾ ಗೊತ್ತಿರೋರು ಅಂತ ಸುಮ್ನಾದೆ.”

ಇಂಥವರನ್ನು ಏನೆಂದು ಬೈಯುವುದು? ಫೋನ್ ಇಟ್ಟೆ.

ಇವರು ಅಲ್ಲೇ ಮೆಟ್ಟಿಲ ಮೇಲೆ ಕೂತು ಅಣ್ಣನಿಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಕೂತೆ. ಎರಡೂ ಕಡೆಯ ಮಾತು ಕೇಳಿಸುತ್ತಿತ್ತು.

“ಅಣ್ಣಾ, ಕಾರು ಹೋಯ್ತು. ನಿನ್ನ ಸುತ್ತಾಡ್ಸೋಣ ಅಂತ ತರ್ಸಿದ್ದೆ.”

“ಅದಕ್ಕೇನೋ ನೀನು ಇಷ್ಟು ದಿನ ಬಾರ್ದೇ ಇದ್ದದ್ದು?”

“ಕಾರು ತಗೊಂಡೇ ಬರೋಣ ಅಂತಿದ್ದೆ. ನೀನೂ ಪ್ರತಿ ಸಲ ಹೇಳ್ತಿದ್ದೆಯಲ್ಲ, ಚೆನ್ನಾಗಿದೀನಿ, ತೊಂದ್ರೆ ಮಾಡ್ಕೊಂಡು ಬರ್ಬೇಡ ಅಂತ.”

ಆ ಕಡೆಯಿಂದ ಭಾವ ಗದರಿದರು.

“ಅದು ಮರ್ಯಾದೆಗೆ ಹೇಳೋ ಮಾತು ಕಣೋ, ಪೆದ್ದ. ನಡ್ಕೊಂಡಾದ್ರೂ ಬಾ.”

ಇವರು ಗೊಳೋ ಎಂದು ಅತ್ತರು. ನಾನು ನಮ್ಮ ಮೀನಂಗಡಿಯ ವ್ಯಾನಿನ ಕೀಲಿ ತಂದು ಕೈಗಿಟ್ಟೆ. ಗಾಡಿಗಳನ್ನೂ ಕೊಲ್ಲಿ ದಾಟಿಸುವ ಸಂಜೆಯ ದೋಣಿಗೆ ಇನ್ನೂ ಹೊತ್ತಿತ್ತು.