ಕೇಳದೆ ನಡೆದ ದಾರಿ

ಮೇವಿಸಳ ಶವಪೆಟ್ಟಿಗೆ ಹೊತ್ತ ಚರ್ಚಿನ ಕೈಗಾಡಿಯನ್ನು ತೋಪಿನ ಗೇಟಿನ ಮುಂದೆ ತಟ್ಟನೆ ನಿಲ್ಲಿಸಬೇಕಾಯಿತು. ಗೇಟಿಗೆ ಹೊಸ ಬೀಗ ಬಿದ್ದಿತ್ತು. ಆಚೆ ಕಡೆ, ಹೋದ ವರ್ಷ ತೋಪು ಕೊಂಡ ಪ್ರೆಂಟಿಸ್ ಕಪ್ಪು ಟೈ ಕಟ್ಟಿಕೊಂಡು ನಿಂತಿದ್ದ. ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಒಂದು ಹಾಳೆ.

"ಈ ದಾರೀಲೇ ಕರ್ಕೊಂಡು ಹೋಗಿ ಅಂತ ಅವರ ಆಸೆ ಇತ್ತಂತೆ, ಕ್ಲಿಫ್ ಅವರೇ. ನಾನೇನು ಕಲ್ಲುಮನಸ್ಸಿನವನಲ್ಲ. ಇಲ್ಲೊಂದು ರುಜು ಹಾಕಿ, ತೆಗೀತೀನಿ."

ಮೇವಿಸಳ ಗಂಡ ಕ್ಲಿಫ್ ಜೇಬಿನಲ್ಲಿ ಕನ್ನಡಕ ತಡಕಾಡಿದ. ಏಳು ನಾಯಿಗಳ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಿದ್ದ ಪಕ್ಕದ ಮನೆಯ ಬ್ರೆಂಡಾ ಕತ್ತು ಚಾಚಿ ತಾನೇ ಓದಿದಳು.

"ಇಷ್ಟು ವರ್ಷ ನಾವು ನಡೆದದ್ದು ಒಡೆಯರ ಅಪ್ಪಣೆಯಿಂದ... ಅಯ್ಯೋ ಪುಣ್ಯಾತ್ಮ! ಹೆಣ ಮುಂದಿಟ್ಕೊಂಡು ರುಜು ಕೇಳ್ತೀರಲ್ಲ, ನಾಚಿಕೆ ಆಗಲ್ವಾ? ಈ ದಾರಿ ಊರದ್ದೋ ನಿಮ್ಮದೋ ಅಂತ ಮುಂದಿನ ತಿಂಗಳು ವಿಚಾರಣೆ ಇದೆ ಅಂತ ತಾನೇ ಈ ಪ್ರೀತಿ?"

"ಬರೀ ಪದ್ಧತಿಗೊಂದು ಕಾಗದ," ಎನ್ನುತ್ತ ಪ್ರೆಂಟಿಸ್ ಪೆನ್ನು ಚಾಚಿದ.

"ಕ್ಲಿಫ್, ಆ ಪೆನ್ನು ಮುಟ್ಟಿದ್ರೆ ನೋಡು!"

ಕ್ಲಿಫ್ ಆಗಲೇ ಮುಟ್ಟಿದ್ದ. ಬೀಚ್ ಮರಗಳ ಸಂದಿಯಲ್ಲಿ ಚರ್ಚಿನ ಗೋಪುರ ಕಾಣುತ್ತಿತ್ತು. ತೋಪಿನೊಳಗೆ ನಡೆದರೆ ಇಪ್ಪತ್ತು ನಿಮಿಷ. ರಸ್ತೆ ಸುತ್ತಿದರೆ ಎರಡು ಮೈಲಿ, ಲಾರಿಗಳ ಹೊಗೆಯಲ್ಲಿ.

* * *

ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿದ ಮೇಲೆ ಮೇವಿಸ್ ಕೇರಿಯ ನಾಯಿಗಳನ್ನೆಲ್ಲ ನಡೆಸಲು ಶುರು ಮಾಡಿದ್ದಳು. ಕೆಲಸಕ್ಕೆ ಹೋಗುವವರದು, ಮಂಡಿ ಹಿಡಿದವರದು, ಹೊಸದಾಗಿ ಹೆತ್ತವಳದು. ಒಂದು ದಿನ ತೋಪಿನ ಕಾವಲುಗಾರ ಎದುರಾಗಿ ಗದರಿದ:

"ಯಾರ ಅಪ್ಪಣೆ ನಿನಗೆ?"

"ನನ್ನ ಕಾಲಿನದು," ಎಂದಳು. ಆಕೆಯ ಹಿಂದೆ ನಾಯಿಗಳೂ ನಡೆದವು.

ಕ್ಲಿಫ್ ಹಾಗಲ್ಲ. ಕುರ್ಚಿಗೆ ಕಾಲು ತಾಗಿದರೆ ಕುರ್ಚಿಯ ಕ್ಷಮೆ ಕೇಳುವವನು. ಆ ಸಂಜೆ ತೋಪಿನ ಹಳೆಯ ಒಡೆಯನಿಗೆ ಕಾಗದ ಬರೆಯುತ್ತ ಕುಳಿತ. ನನ್ನ ಹೆಂಡತಿಗೆ ದಯವಿಟ್ಟು ತಮ್ಮ ತೋಪಿನಲ್ಲಿ... ಅಷ್ಟರಲ್ಲಿ ಮೇವಿಸ್ ಬೆನ್ನ ಹಿಂದೆ ಬಂದಳು.

"ಒಂದು ಮಾತು ಕೇಳಿದ್ರೆ ನಮ್ಮ ಗಂಟೇನು ಹೋಗುತ್ತೆ ಮೇವಿಸ್?"

"ದಾರಿ ಹೋಗುತ್ತೆ. ಇಪ್ಪತ್ತು ವರ್ಷ ಜನ ಕೇಳದೆ ನಡೆದ್ರೆ ಕಾನೂನಿನಲ್ಲಿ ಅದು ಊರ ದಾರಿ. ಕದ್ದು ನಡೀಬಾರ್ದು, ಬೀಗ ಬೇಲಿ ಮೀರಬಾರ್ದು, ಕೇಳಲೂಬಾರ್ದು. ಕೇಳಿದ್ಯೋ, ಅದು ಅವನದು ಅಂತ ನಾವೇ ಒಪ್ಕೊಂಡಂಗೆ."

ಕಾಗದವನ್ನು ಒಲೆಗೆ ತುರುಕಿ ಕೆಟಲ್ ಇಟ್ಟಳು.

"ಏನಾದ್ರೂ ಕೇಳ್ಲೇಬೇಕು ಅಂತ ಬಾಯಿ ತುರಿಸಿದ್ರೆ, ಟೀ ಬೇಕಾ ಅಂತ ನನ್ನ ಕೇಳು."

ಹಾಗೆ ಇಪ್ಪತ್ತಾರು ವರ್ಷ ನಡೆದಳು.

* * *

"ಪಾದ್ರಿಗಳು ಕಾಯ್ತಿದಾರೆ," ಎಂದು ಶವಸಂಸ್ಕಾರದವನು ಮೆಲ್ಲಗೆ ಹೇಳಿದ.

ಗಾಡಿ ಹಿಡಿದಿದ್ದ ಮೇವಿಸಳ ತಮ್ಮನ ಮಗ ಡೆರೆಕ್ ತೋಳು ಮಡಚಿದ. "ಗೇಟಿನ ಮೇಲಿಂದ ಎತ್ತಿ ದಾಟಿಸ್ತೀವಿ ಮಾವ. ಯಾವನು ತಡೀತಾನೋ ನೋಡೋಣ."

"ಬೀಗ ಮೀರಿದ್ರೆ ಅದನ್ನೇ ಹಿಡ್ಕೊಂಡು ವಾದಿಸ್ತಾರೆ ಕಣೋ," ಎಂದ ಕ್ಲಿಫ್. ಪೆನ್ನಿನ ಮುಚ್ಚಳ ತೆಗೆದ. "ಸಾಯೋವಾಗ ಅವಳು ನನ್ನ ಕೇಳಿದ್ದು ಇದೊಂದೇ, ಬ್ರೆಂಡಾ. ತೋಪಿನ ದಾರೀಲಿ ಕರ್ಕೊಂಡು ಹೋಗು ಅಂತ."

ಪ್ರೆಂಟಿಸ್ ಹಾಳೆಯನ್ನು ಗೇಟಿನ ಮೇಲಿನ ಪಟ್ಟಿಯ ಮೇಲೆ ಒತ್ತಿ ಹಿಡಿದು, ರುಜು ಹಾಕುವ ಜಾಗಕ್ಕೆ ಬೆರಳಿಟ್ಟು ತೋರಿಸಿದ. ಕ್ಲಿಫ್ ಆ ಬೆರಳನ್ನು ನೋಡಿದ. ಪೆಟ್ಟಿಗೆಯನ್ನು ನೋಡಿದ. ಪೆನ್ನಿನ ಮುಚ್ಚಳ ಹಾಕಿ ಪ್ರೆಂಟಿಸನತ್ತ ಚಾಚಿದ.

"ಬೇಡ. ನಾನು ನಿಮ್ಮನ್ನ ಏನೂ ಕೇಳಲ್ಲ." ಹಾಗೆಂದವನೇ, ಅಭ್ಯಾಸ ತಪ್ಪದೆ, "ಕ್ಷಮಿಸಿ," ಎಂದ.

ಗಾಡಿಯನ್ನು ರಸ್ತೆಯ ಕಡೆಗೆ ತಿರುಗಿಸಿದರು. ನಾಯಿಗಳು ಮಾತ್ರ ತಿರುಗಲಿಲ್ಲ. ಬ್ರೆಂಡಾ ಎಳೆದಷ್ಟೂ ನೆಲಕ್ಕೆ ಉಗುರು ಊರಿ ಗೇಟಿನತ್ತಲೇ ಜಗ್ಗಿದವು. ಕ್ಲಿಫ್ ಮಂಡಿಯೂರಿ ಕೂತು, ಒಂದೊಂದೇ ಕೊರಳಿನ ಕೊಂಡಿ ಬಿಚ್ಚಿದ.

"ಏನ್ರೀ ಮಾಡ್ತಿದೀರಾ?" ಪ್ರೆಂಟಿಸ್ ಕೂಗಿದ.

"ಅವಕ್ಕೂ ಒಂದೊಂದು ಹಾಳೆ ಕೊಡಿ ಸ್ವಾಮಿ," ಎಂದಳು ಬ್ರೆಂಡಾ. "ಹೆಬ್ಬೆಟ್ಟು ಒತ್ತುತ್ವೆ."

ಆರು ನಾಯಿಗಳು ಗೇಟಿನ ಕೆಳಗೆ ನುಸುಳಿ, ಪ್ರೆಂಟಿಸನ ಹೊಳೆಯುವ ಬೂಟುಗಳ ಎರಡೂ ಪಕ್ಕದಿಂದ ಓಡಿದವು. ಏಳನೆಯದು ಮುದಿ ಸ್ಪ್ಯಾನಿಯಲ್. ಹೊಟ್ಟೆಯನ್ನು ನೆಲಕ್ಕೆ ಉಜ್ಜಿಕೊಂಡು ಹೇಗೋ ದಾಟಿತು.

ರಸ್ತೆಯಲ್ಲಿ ಲಾರಿಗಳು ಗಾಡಿಯ ಹಿಂದೆ ಸಾಲುಗಟ್ಟಿದವು. ಒಬ್ಬನೂ ಹಾರನ್ ಹೊಡೆಯಲಿಲ್ಲ. ಚರ್ಚಿನ ಬಾಗಿಲಿಗೆ ಬರುವಾಗ ಆರು ನಾಯಿಗಳು ಹುಲ್ಲಿನ ಮೇಲೆ ಕುಳಿತಿದ್ದವು, ಹೊಟ್ಟೆಯವರೆಗೆ ಕೆಸರು. ಪಾದ್ರಿ ಪುಸ್ತಕ ತೆರೆದರು. ಡೆರೆಕ್ ಗಾಡಿಯನ್ನು ಒಳಗೆ ನೂಕಲು ಬಗ್ಗಿದ.

ಕ್ಲಿಫ್ ಗಾಡಿಯ ಹಿಡಿಯ ಮೇಲೆ ಕೈಯಿಟ್ಟು ತಡೆದ.

ದೂರದಲ್ಲಿ, ತೋಪು ಮುಗಿಯುವಲ್ಲಿ, ಮುದಿ ಸ್ಪ್ಯಾನಿಯಲ್ ಕಾಣಿಸಿತು. ಒಂದು ಕಂಬದ ಬುಡವನ್ನು ಸಾವಕಾಶವಾಗಿ ಮೂಸಿತು, ಕಾಲೆತ್ತಿತು, ಮತ್ತೆ ನಡೆಯಿತು. ಪಾದ್ರಿ ಪುಸ್ತಕ ಮುಚ್ಚಿದರು. ಗಂಡಸರು ಟೊಪ್ಪಿಗೆ ಕೈಯಲ್ಲಿ ಹಿಡಿದು, ಹೆಂಗಸರು ಗಾಳಿಗೆ ಸ್ಕಾರ್ಫ್ ಬಿಗಿದುಕೊಂಡು, ಅದು ಬರುವುದನ್ನೇ ನೋಡುತ್ತ ನಿಂತರು.