ತಾಯಿಯ ಪಟದ ಹಿಂದಿನ ಲಕೋಟೆ

ಯಾವ ವಸ್ತುವಾಗಲಿ ಒಂದೇ ಇದ್ದರೆ ಡಾನ್ ಅನ್ಸೆಲ್ಮೊ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಮೇಜಿನ ಮೇಲೆ ಎರಡು ಕನ್ನಡಕ, ಎರಡು ಕಾಫಿ ಫ್ಲಾಸ್ಕು, ಜೇಬಿನಲ್ಲಿ ಎರಡು ಪೆನ್ನು. ನಮ್ಮೂರು ಸಿನ್ಸೆಲೇಹೊದ ಹಾಲಿನ ಡೇರಿಯಲ್ಲಿ ವರದಿ ವಿಭಾಗವೆಂದರೆ ಅವರು ಮತ್ತು ನಾನು, ಅಷ್ಟೇ; ಹಿರಿಯರೆಂಬ ಗೌರವಕ್ಕೆ ಎಲ್ಲರೂ ಅವರನ್ನು 'ಡಾನ್' ಎನ್ನುತ್ತಿದ್ದರು. ಯಾವ ಲಾರಿ ಎಷ್ಟು ಹಾಲು ತಂದಿತು, ಯಾವುದು ಕೆಟ್ಟಿತ್ತು ಎಂಬ ವರದಿಗಳೆಲ್ಲ ನಮ್ಮ ಸರ್ವರಿನಿಂದಲೇ ಹೊರಡಬೇಕು. ಅದು ನಿಂತರೆ ಡೇರಿಯೇ ನಿಂತಂತೆ.

"ಒಂದು ಕಣ್ಣು ಕಣ್ಣಲ್ಲ" ಎನ್ನುತ್ತ ಒಂದು ವರ್ಷ ಜನವರಿಯಲ್ಲಿ ಎರಡನೇ ಸರ್ವರನ್ನು ದೂರದ ಮೊಂಟೆರಿಯಾ ಊರಿನಲ್ಲಿ ಕೂರಿಸಿದರು. ಇಲ್ಲೇ ಪಕ್ಕದ ಕೋಣೆಯಲ್ಲಿ ಇಡಬಹುದಿತ್ತಲ್ಲ ಎಂದಿದ್ದೆ.

"ಎರಡನ್ನೂ ಒಂದೇ ಸೂರಿನಡಿ ಇಟ್ರೆ ಅದು ಎರಡಲ್ಲ ನೂರಿಸ್. ಒಂದೇ."

ಮೊದಲನೆಯದು ಸತ್ತಾಗ ಎರಡನೆಯದು ಹೊಣೆ ಹೊರಬೇಕಾದರೆ ಮೂವತ್ತೆರಡು ಅಕ್ಷರಗಳ ಗುಪ್ತಪದ ಕೊಡಬೇಕಿತ್ತು. ಅದನ್ನು ಬರೆದು, ಲಕೋಟೆಗೆ ಹಾಕಿ, ಲಾರಿಯವರನ್ನು ಕಾಪಾಡುವ ದೇವಮಾತೆ ಕಾರ್ಮೆನ್ ತಾಯಿಯ ಪಟದ ಹಿಂದೆ ಸಿಕ್ಕಿಸಿದರು. ಪಟ ನಮ್ಮ ಕೋಣೆಯ ಬಾಗಿಲ ಪಕ್ಕದಲ್ಲೇ ಇತ್ತು.

"ಇದಕ್ಕೊಂದು ನಕಲು ಬೇಡ್ವಾ?"

"ಗುಟ್ಟು ಎರಡಾದ್ರೆ ರಟ್ಟಾಯ್ತು ಮಗಳೇ. ತಾಯಿ ಬೆನ್ನ ಹಿಂದೆ ಕೈಹಾಕೋ ಗಂಡಸು ಈ ಊರಲ್ಲಿ ಯಾರಿದಾನೆ?"

ಅದೇ ವರ್ಷ ಬೊಗೊಟಾದ ಮುಖ್ಯ ಕಚೇರಿಯ ಕಣ್ಣು ನಮ್ಮ ಕೋಣೆಯ ಮೇಲೆ ಬಿತ್ತು. ಒಂದು ಪರೀಕ್ಷೆ: ಮೊದಲ ಸರ್ವರನ್ನು ನಿಲ್ಲಿಸುತ್ತಾರೆ, ಅರ್ಧ ಗಂಟೆಯೊಳಗೆ ಎರಡನೆಯದು ವರದಿ ಕೊಡಬೇಕು. ಕೊಡದಿದ್ದರೆ ವಿಭಾಗ ಬೊಗೊಟಾಕ್ಕೆ ಹೋಗುತ್ತದೆ, ಡಾನ್ ಅನ್ಸೆಲ್ಮೊ ಮನೆಗೆ. ಇಪ್ಪತ್ತಾರು ವರ್ಷ ದುಡಿದ ಕೋಣೆ ಅದು.

ಬೊಗೊಟಾದವರು ಆರಿಸಿಕೊಂಡ ದಿನ ಜುಲೈ ಹದಿನಾರು. ತಾಯಿಯ ಹಬ್ಬ.

ಹತ್ತು ಗಂಟೆಗೆ ಬೊಗೊಟಾದಿಂದ ಬಂದ ಇಂಜಿನಿಯರ್ ಉರ್ದನೇಟಾ ಗುಂಡಿ ಒತ್ತಿದರು. ಮೊಂಟೆರಿಯಾದ ಸರ್ವರು ಎದ್ದು ಗುಪ್ತಪದ ಕೇಳಿತು. ಡಾನ್ ಅನ್ಸೆಲ್ಮೊ ನಗುತ್ತ ಬಾಗಿಲಿಗೆ ಹೋದರು. ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಲಾರಿಯವರು ಪ್ರತಿ ವರ್ಷದಂತೆ ತಾಯಿಯನ್ನು ಮೆರವಣಿಗೆಗೆ ಕರೆದೊಯ್ದಿದ್ದರು.

ಪ್ರತಿ ವರ್ಷ ಕೈಮುಗಿದು ಕಳಿಸಿಕೊಟ್ಟವರೇ ನಾವು. ಏನೇನು ಕೈಕೊಡಬಹುದೆಂಬ ಪಟ್ಟಿಯಲ್ಲಿ ಕರೆಂಟು ಹೋಗುತ್ತದೆ, ತಂತಿ ಕಡಿಯುತ್ತದೆ, ಬೆಂಕಿ ಬೀಳುತ್ತದೆ ಎಂದೆಲ್ಲ ಬರೆದಿದ್ದೆವು. ತಾಯಿ ಜಾಗದಲ್ಲಿ ಇರುವುದಿಲ್ಲ ಎಂಬುದು ಮಾತ್ರ ಇಬ್ಬರಿಗೂ ಹೊಳೆದಿರಲಿಲ್ಲ.

ನನ್ನ ಬೈಕಿನ ಹಿಂದೆ ಅವರನ್ನು ಕೂರಿಸಿಕೊಂಡು ಹೊರಟೆ. ಬಲೂನು ಕಟ್ಟಿದ ಇನ್ನೂರು ಲಾರಿಗಳು, ಎಲ್ಲವೂ ಹಾರನ್ ಒತ್ತುತ್ತ ಸಾಗಿದ್ದವು. ಸಂದುಗೊಂದುಗಳಲ್ಲಿ ನುಗ್ಗಿ ತಾಯಿಯಿದ್ದ ಮುಂಚೂಣಿಯ ಲಾರಿಯನ್ನು ಮುಟ್ಟುವಾಗ ಹತ್ತೂ ಇಪ್ಪತ್ತೈದು.

"ಎವೆಲಿಯೊ, ನಿಲ್ಸೋ!" ಎಂದು ಡಾನ್ ಅನ್ಸೆಲ್ಮೊ ಲಾರಿ ಓಡಿಸುತ್ತಿದ್ದವನಿಗೆ ಕೂಗಿದರು.

"ಇಗರ್ಜಿ ಬರೋವರೆಗೂ ತಾಯಿ ನಿಲ್ಲಲ್ಲ ಡಾನ್ ಅನ್ಸೆಲ್ಮೊ! ನೀವೇ ಹತ್ತಿ!"

ಅರವತ್ತೆರಡರ ಮನುಷ್ಯ ಚಲಿಸುವ ಲಾರಿಗೆ ಹತ್ತಿದರು. ತಾಯಿಯ ಮುಂದೆ ಶಿಲುಬೆ ಗುರುತು ಹಾಕಿಕೊಂಡು, ಕ್ಷಮೆ ಕೇಳಿ, ಹಿಂದೆ ಕೈಹಾಕಿದರು. ಜನ ಬೈದರು. ಕೆಳಗಿಳಿದಾಗ ಲಕೋಟೆ ಕೈಯಲ್ಲಿತ್ತು. ಫೋನಿನಲ್ಲಿ ಅಕ್ಷರ ಓದಿದರೆ ಆ ಹಾರನ್‌ಗಳ ನಡುವೆ ಯಾರಿಗೆ ಕೇಳಬೇಕು? ಬರೆದು ಕಳಿಸೋಣವೆಂದರೆ ಗುಟ್ಟು ಎರಡಾಗುತ್ತದೆ, ಅವರು ಒಪ್ಪುವವರಲ್ಲ. ಮತ್ತೆ ಬೈಕಿನಲ್ಲೇ ಓಡಿದೆವು.

ವರದಿ ಬಂದಾಗ ಹತ್ತೂ ನಲವತ್ತೊಂದು. ಹನ್ನೊಂದು ನಿಮಿಷ ತಡ.

"ತಪ್ಪು ಯಾರದ್ದು?" ಉರ್ದನೇಟಾ ಕೇಳಿದರು.

"ನಂದೊಬ್ಬನದೇ ಇಂಜಿನಿಯರ್ ಸಾಹೇಬ್ರೆ. ಈ ಹುಡುಗಿ ನಕಲು ಕೇಳಿದ್ಲು, ನಾನೇ ಬೇಡ ಅಂದೆ."

ಆ ಮಾತಿನಿಂದ ನನ್ನ ಕೆಲಸ ಉಳಿಯಿತು. ವಿಭಾಗದ ಜೊತೆ ನಾನು ಬೊಗೊಟಾಕ್ಕೆ ಬಂದೆ, ಅವರು ಮನೆಗೆ ಹೋದರು. ಕೊನೆಯ ದಿನ ಅವರು ಪೇಟೆಯಿಂದ ಎರಡು ಪಟ ತಂದರು, ಎರಡೂ ಕಾರ್ಮೆನ್ ತಾಯಿಯದೇ.

"ಒಂದು ನಿಂಗೆ, ಒಂದು ನಂಗೆ. ಈಗ ಸರಿ ಹೋಯ್ತು ನೋಡು."

ಹೋದ ವರ್ಷ ಅವರು ತೀರಿಕೊಂಡರು. ಹೆಂಡತಿ ಮಕ್ಕಳಿರಲಿಲ್ಲ, ಅವರ ಪಟವೂ ಅಂಚೆಯಲ್ಲಿ ನನಗೇ ಬಂತು. ಹಿಂದೆ ಲಕೋಟೆ ಏನಾದರೂ ಇದೆಯೇ ಎಂದು ತಿರುಗಿಸಿ ನೋಡಿದೆ. ಏನೂ ಇರಲಿಲ್ಲ.

ಎರಡನ್ನೂ ನನ್ನ ಮನೆಯ ಗೋಡೆಗೆ ಅಕ್ಕಪಕ್ಕ ತೂಗುಹಾಕಿದ್ದೇನೆ. ಒಂದೇ ಸೂರಿನಡಿ. ಇದ್ದಿದ್ದರೆ ಚೆನ್ನಾಗಿ ಬೈಯುತ್ತಿದ್ದರು. ಒಂದನ್ನು ಬೇರೆ ಕಡೆ ಇಡಬೇಕು, ಗೊತ್ತು. ಆದರೆ ಅದನ್ನು ನಂಬಿ ಕೊಡಬಹುದಾದವರು ಅವರೊಬ್ಬರೇ ಇದ್ದರು.