ಬ್ರೇಕ್ ಇಲ್ಲದ ಹೊಲಿಗೆ ಮಿಷನ್

ಕೇಳಿದ್ರಾ? ನನ್ನ ತಮ್ಮ ಇವತ್ತಿಂದ ಮತ್ತೆ ಕೆಲಸಕ್ಕೆ ಹೋಗ್ತಿದ್ದಾನೆ! ಬೆಳಗಿನಿಂದ ಬೀದಿಗೆಲ್ಲ ಸಾರಿ ಸಾರಿ ಗಂಟಲು ಕಟ್ಟಿದೆ. ಆದ್ರೂ ನಿಮಗೆ ಹೇಳದೆ ಬಿಡ್ತೀನಾ? ನನ್ನ ಬಾಯಿಗೆ ಬೀಗ ಹಾಕೋರು ಇನ್ನೂ ಹುಟ್ಟಿಲ್ಲ.

ತಮ್ಮ ಬಸ್ ಡ್ರೈವರ್ ಆಗಿದ್ದ. ಕಾಯಿಲೆ ಬಂದು ಎಡಗಣ್ಣಿನ ದೃಷ್ಟಿ ಹೋಯ್ತು. "ಇನ್ನು ಬಸ್ ಓಡಿಸೋ ಹಾಗಿಲ್ಲ" ಅಂದ್ರು ಡಾಕ್ಟರು. ಅವತ್ತು ತಲೆ ಮೇಲೆ ಕೈ ಹೊತ್ತು ಕೂತವನು ಕೂತೇ ಇದ್ದ. ಅವನ ಹಳೇ ಬಸ್ಸು ಮನೆ ಮುಂದೇನೇ ಹೋಗುತ್ತೆ. ಹಾರ್ನ್ ಕೇಳಿದ್ರೆ ದಢಾರ್ ಅಂತ ಕಿಟಕಿ ಮುಚ್ಚೋನು. ಅದಕ್ಕೆ ಮಾತ್ರ ಏಳೋನು! ಬೀದಿ ತುಂಬ ನಗಿಸ್ತಿದ್ದ ಹುಡುಗ, ಹೀಗೇ ಕೋಣೆಯೊಳಗೆ ಮುಗಿದುಹೋಗ್ತಾನಾ ಅಂತ ನನಗೆ ಹೆದರಿಕೆ.

ಒಂದಿನ ಕಣ್ಣಾಸ್ಪತ್ರೆ ನರ್ಸಮ್ಮ ಮನೆಗೆ ಬಂದ್ರು. ಅವರಿಗೆ ಟೀ ಬಗ್ಗಿಸೋಕೆ ಹೋಗಿ ತಮ್ಮ ಲೋಟದ ಪಕ್ಕಕ್ಕೇ ಸುರಿದ.

"ನೋಡಿದ್ರಲ್ಲ ಸಿಸ್ಟರ್? ಲೋಟಕ್ಕೆ ಟೀ ಹಾಕೋಕೆ ಬರಲ್ಲ, ನನಗಿನ್ನೆಂಥ ಕೆಲಸ?"

"ಒಂದೇ ಕಣ್ಣಲ್ಲಿ ನೋಡುವಾಗ ದೂರದ ಅಂದಾಜು ತಪ್ಪುತ್ತೆ. ಅಭ್ಯಾಸದಿಂದ ಸರಿಹೋಗುತ್ತೆ. ಪಾತ್ರೆ ಮೂತೀನ ಲೋಟದ ಅಂಚಿಗೆ ತಾಗಿಸಿ, ಆಮೇಲೆ ಬಗ್ಗಿಸಿ" ಅಂದ್ರು ನರ್ಸಮ್ಮ.

ತಾಗಿಸಿದ. ಬಗ್ಗಿಸಿದ. ಅಬ್ಬಾ, ಒಂದು ಹನೀನೂ ಚೆಲ್ಲಲಿಲ್ಲ!

"ಇದನ್ನ ಕಲಿತ ಹಾಗೆ ಕೆಲಸಾನೂ ಕಲೀಬಹುದು. ತರಬೇತಿ ಕೇಂದ್ರದಲ್ಲಿ ಬಸ್ ಸೀಟು ಹೊಲಿಯೋದು ಹೇಳಿಕೊಡ್ತಾರೆ. ಹೋಗ್ತೀರಾ?"

"ಸ್ಟೇರಿಂಗ್ ಹಿಡಿದ ಕೈಲಿ ಸೂಜಿನಾ? ಅದೂ ಈ ವಯಸ್ಸಲ್ಲಿ? ಜನ ಆಡ್ಕೊಂಡು ನಗ್ತಾರೆ."

"ನೀನು ಜನರ ಕಣ್ಣಿಗೆ ಬಿದ್ರೆ ತಾನೇ ನಗೋದು? ಕಿಟಕಿ ಮುಚ್ಕೊಂಡು ಕೂತಿದ್ದೀಯಲ್ಲ!" ಅಂದೆ ನಾನು. ಅವನು ಮುಖ ಊದಿಸ್ಕೊಂಡ.

ಅವನ ಹೆಂಡತಿಗೆ ಬೇರೆ ಚಿಂತೆ. "ಸಿಸ್ಟರ್, ದುಡಿದು ದುಡಿದು ಇರೋ ಕಣ್ಣೂ ಸವೆದ್ರೆ?"

"ನೋಡೋದ್ರಿಂದ ಕಣ್ಣು ಸವೆಯಲ್ಲಮ್ಮ. ಪೆಟ್ಟು ಬೀಳದ ಹಾಗೆ ರಕ್ಷಣೆಯ ಕನ್ನಡಕ ಹಾಕ್ಕೊಳ್ಳಲಿ, ಆಗಾಗ ಬಂದು ತೋರಿಸಲಿ. ಡಾಕ್ಟರನ್ನೂ ಒಂದು ಮಾತು ಕೇಳೋಣ."

ಡಾಕ್ಟರು ಹೂಂ ಅಂದ್ರು. ತಮ್ಮನೂ ಗೊಣಗುತ್ತಲೇ ಒಪ್ಪಿದ. ಮೊದಲ ದಿನ ಕೇಂದ್ರಕ್ಕೆ ನಾನೂ ಜೊತೆಗೆ ಹೋದೆ, ಅರ್ಧ ದಾರೀಲಿ ವಾಪಸ್ ಓಡಿಬಿಟ್ಟಾನು ಅಂತ. ಅಲ್ಲಿದ್ದದ್ದು ಕರೆಂಟಲ್ಲಿ ಓಡೋ ಹೊಲಿಗೆ ಮಿಷನ್, ಕೆಳಗೆ ಅಗಲವಾದ ಪೆಡಲ್. ತಮ್ಮ ಕಾಲಿಟ್ಟ ನೋಡಿ, ಬಟ್ಟೆ ಸರ್ರಂತ ಓಡಿತು! ಗಾಬರಿಯಾಗಿ ಬ್ರೇಕ್ ಹಾಕೋ ಹಾಗೆ ಎರಡೂ ಕಾಲಲ್ಲಿ ಬಲವಾಗಿ ಮೆಟ್ಟಿದ. ಮೆಟ್ಟಿದಷ್ಟೂ ಅದು ಇನ್ನೂ ಜೋರು!

"ಬ್ರೇಕ್ ಹಿಡೀತಿಲ್ಲ! ಬ್ರೇಕ್ ಹಿಡೀತಿಲ್ಲ!"

"ಕಾಲೆತ್ತಿ ಅಣ್ಣಾ! ಇದು ನಿಲ್ಲಬೇಕಂದ್ರೆ ಒತ್ತಬಾರದು, ಬಿಡಬೇಕು!" ಅಂತ ಟೀಚರ್ ಓಡಿಬಂದ್ರು.

ಕೋಣೆ ತುಂಬ ನಗು. ಮುಗೀತು, ಇವನು ಎದ್ದು ಹೋಗ್ತಾನೆ ಅಂದ್ಕೊಂಡೆ. ಇಲ್ಲ ಕಣ್ರೀ! ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. ಹೊಟ್ಟೆ ಹಿಡ್ಕೊಂಡು ನಕ್ಕ. ಅವನ ನಗು ಕೇಳಿ ಎಷ್ಟು ಕಾಲವಾಗಿತ್ತೋ, ನಾನು ಗಳಗಳ ಅತ್ತುಬಿಟ್ಟೆ.

ಆಮೇಲೆ ಅವನನ್ನ ಹಿಡಿಯೋರಿಲ್ಲ. ಮೊದಮೊದಲು ಸೂಜಿಗೆ ದಾರ ಪೋಣಿಸೋಕೆ ಪರದಾಡಿದ. ಅದಕ್ಕೂ ಟೀಚರ್ ದಾರ ಎಳೆಯೋ ಒಂದು ಪುಟ್ಟ ಕೊಕ್ಕೆ ಕೊಟ್ರು. ಕೊನೆಗೆ ಡ್ರೈವರ್ ಸೀಟು ಹೊಲಿದ. "ಸೊಂಟದ ಹತ್ತಿರ ಸ್ಪಂಜು ದಪ್ಪ ಇರಲಿ, ಅಲ್ಲಿ ನೋಯೋದು ನನಗೆ ಗೊತ್ತು" ಅಂತ ಹಟ ಮಾಡಿ ಹಾಕಿದ. ಆ ಸೀಟು ನೋಡಿದ ಬಸ್ ವರ್ಕ್‌ಶಾಪಿನವರು ಅದನ್ನೂ ತಗೊಂಡ್ರು, ಇವನನ್ನೂ ಕೆಲಸಕ್ಕೆ ಕರೆದ್ರು!

ಇವತ್ತು ಬೆಳಿಗ್ಗೆ ಅವನು ಹೊರಡೋ ಹೊತ್ತಿಗೆ ಸರಿಯಾಗಿ ಹಾರ್ನ್ ಕೇಳಿಸ್ತು. ಮತ್ತೆ ಕಿಟಕಿ ಮುಚ್ತಾನೇನೋ ಅಂದ್ಕೊಂಡೆ. ತಮ್ಮ ಕಿಟಕಿ ಹತ್ತಿರ ಹೋದ. ಎರಡೂ ಬಾಗಿಲು ಪೂರ್ತಿ ತೆಗೆದ!

ಬಸ್ಸು ಮನೆ ಮುಂದೆ ನಿಂತಿತು. ಒಳಗೆ ಅವನ ಹಳೇ ಜೊತೆಗಾರ, ಎಲ್ಲರೂ ದಪ್ಪಣ್ಣ ಅಂತ ಕರೆಯೋ ಡ್ರೈವರು.

"ಲೋ, ಈ ಸೀಟು ಹೊಲಿದಿದ್ದು ನೀನಂತೆ! ನಿನ್ನೆಯಿಂದ ನನ್ನ ಸೊಂಟ ಹಾಯಾಗಿದೆ ಕಣೋ. ಬಾ ಹತ್ತು, ವರ್ಕ್‌ಶಾಪ್ ತನಕ ಬಿಡ್ತೀನಿ."

ಕಾಯಿಲೆ ಬಂದಮೇಲೆ ಬಸ್ ಕಡೆ ತಿರುಗಿಯೂ ನೋಡದವನು ಓಡಿಹೋಗಿ ಹತ್ತಿದ. ಅವನ ಹೆಂಡತಿ, ನಾನು ಇಬ್ಬರೂ ಬೀದೀಲಿ ನಿಂತು ಕೈ ಬೀಸಿದ್ದೇ ಬೀಸಿದ್ದು.

ನಿಮ್ಮ ಮನೇಲೂ ಕಾಯಿಲೆಯೋ ಅಪಘಾತವೋ ಸಾವೋ ಬಂದು, ಕೆಲಸ ಬಿಟ್ಟು ಮೂಲೆ ಹಿಡಿದವರು ಇದ್ದಾರಾ? ಯಾವ ಕೆಲಸ ಮಾಡಬಹುದು ಅಂತ ಡಾಕ್ಟರನ್ನ ಕೇಳಿ. ಹತ್ತಿರದ ತರಬೇತಿ ಕೇಂದ್ರಕ್ಕೆ ಹೋಗಿ ವಿಚಾರಿಸಿ. ವಯಸ್ಸಾಯ್ತು ಅಂದ್ರೆ ನಂಬಬೇಡಿ. ಮೊದಲ ದಿನ ಅವರ ಜೊತೆ ನೀವೂ ಹೋಗಿ. ಜೊತೆಗೆ ಬರೋರು ಯಾರೂ ಇಲ್ವಾ? ನನ್ನನ್ನ ಕರೀರಿ, ಬರ್ತೀನಿ. ಗಂಟಲು ಕಟ್ಟಿದೆ ಅಷ್ಟೇ, ಕಾಲು ಗಟ್ಟಿಯಾಗೇ ಇದೆ!